ಮೂರು ಗೆರೆ ಬುದ್ಧಿಮಾತು

ನಮ್ಮೂರ ಕಡಲಿಗೆ ಹೆಸರಿಲ್ಲದ ದೋಣಿ ಇಳಿಯುವುದಿಲ್ಲ. ಹೆಸರಿಲ್ಲದ್ದನ್ನು ಕಡಲು ಗುರುತು ಹಿಡಿಯುವುದಿಲ್ಲ, ಗುರುತಿಲ್ಲದ್ದನ್ನು ಮರಳಿ ಕಳಿಸುವುದೂ ಇಲ್ಲ ಎನ್ನುತ್ತಾರೆ ಹಿರಿಯರು. ಆ ಹೆಸರುಗಳನ್ನೆಲ್ಲ ಮೂವತ್ತು ವರ್ಷಗಳಿಂದ ದೋಣಿಗಳ ಮೈಮೇಲೆ ಬರೆಯುತ್ತ ಬಂದವನು ಪ್ರುದೆನ್ಸಿಯೊ ಗರಿಂಗಲಾವ್. ಊರ ಬಾಯಲ್ಲಿ ಬರೀ ದೆನ್ಸಿಯೊ. ಸಂತರ ಹೆಸರು, ಹೆಂಡತಿಯ ಹೆಸರು, ಸತ್ತುಹೋದ ತಾಯಿಯ ಹೆಸರು, ದುಬೈಯಲ್ಲಿ ಮನೆಗೆಲಸ ಮಾಡಿ ದೋಣಿಗೆ ದುಡ್ಡು ಕಳಿಸಿದ ಅಕ್ಕನ ಹೆಸರು, ಹೀಗೆ ಯಾವುದೇ ಇರಲಿ, ಅವನ ಕೈಯಿಂದ ಬಂದರೆ ಅಕ್ಷರಕ್ಕೆ ಒಂದು ಕಳೆ. ಅದಕ್ಕಾಗಿಯೇ ಪಕ್ಕದ ಊರಿನವರೂ ತಮ್ಮ ಪೇಂಟರನ್ನು ಬಿಟ್ಟು ಇವನ ಹತ್ತಿರ ಬರುತ್ತಿದ್ದರು.

ಊರಿಗೆ ಗೊತ್ತಿಲ್ಲದ ಸಂಗತಿಯೊಂದನ್ನು ಈಗಲೇ ಹೇಳಿಬಿಡುವುದು ವಾಸಿ. ಇಡೀ ಊರಿಗೆ ಬರೆದುಕೊಟ್ಟ ದೆನ್ಸಿಯೊಗೆ ಓದಲು, ಬರೆಯಲು ಬರುತ್ತಿರಲಿಲ್ಲ. ಎರಡನೇ ತರಗತಿಯಲ್ಲಿ ಬಿಟ್ಟ ಶಾಲೆ. ಅಕ್ಷರಗಳ ಆಕಾರ ಅವನಿಗೆ ಕರಗತ. ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ನೋಡಿ ನೋಡಿ ಹಲಗೆಯ ಮೇಲೆ ಇಳಿಸುತ್ತಿದ್ದ. ಆದರೆ ಅದು ಏನು ಹೇಳುತ್ತದೆಂದು ಕೇಳಿದರೆ ಅಂಗಳದ ಬೆಕ್ಕಿಗೆ ಎಷ್ಟು ಗೊತ್ತೋ ಅವನಿಗೂ ಅಷ್ಟೇ. ಒಮ್ಮೆ ಬೆಸ್ತನೊಬ್ಬ ಚೀಟಿಯಲ್ಲಿ 'ಸಾಂತಾ ರೊಸಾಲಿಯಾ, ಭಾನುವಾರದೊಳಗೆ' ಎಂದು ಬರೆದುಕೊಟ್ಟು ಹೋದ. ದೆನ್ಸಿಯೊ ಕೆಂಪು ಬಣ್ಣದಲ್ಲಿ, ನೆರಳು ಕೊಟ್ಟು, ಚೀಟಿಯಲ್ಲಿದ್ದದ್ದನ್ನೆಲ್ಲ ಬರೆದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ತನ್ನನ್ನು ಅವಸರಪಡಿಸಿದವನಿಗೆ ದೆನ್ಸಿಯೊ ಒಳ್ಳೇ ಪಾಠ ಕಲಿಸಿದ ಎಂದು ಮಾತಾಡಿಕೊಂಡರು. ಅವನೂ ಅವರ ಜೊತೆ ನಕ್ಕ. ಮನೆಗೆ ಬಂದು ಊಟ ಮಾಡದೆ ಮಲಗಿದ.

ಹೆಂಡತಿ ಸಲೋಮೆಗೆ ಮಾತ್ರ ಗೊತ್ತಿತ್ತು. ಗೊತ್ತಾದದ್ದು ಮದುವೆಗೂ ಮುಂಚೆ, ಪುರಸಭೆಯಲ್ಲಿ, ಮದುವೆಯ ಪರವಾನಗಿಗೆ ಅರ್ಜಿ ತುಂಬುವ ದಿನ. ಕೌಂಟರಿನ ಮುಂದೆ ನಿಂತು ಅರ್ಜಿಯ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಅವನು ಕಣ್ಣಾಡಿಸುತ್ತಲೇ ಇದ್ದ, ಅಂಗಿಯ ಬೆನ್ನು ಬೆವರಿನಿಂದ ತೊಯ್ದಿತ್ತು. ಸಲೋಮೆ ಪೆನ್ನು ಕಿತ್ತುಕೊಂಡು, "ನಿನ್ನ ಅಕ್ಷರ ದೋಣಿಯಷ್ಟು ದೊಡ್ಡದು, ಇಷ್ಟು ಸಣ್ಣ ಜಾಗದಲ್ಲಿ ಹಿಡಿಸಲ್ಲ, ಕೊಡಿಲ್ಲಿ," ಎಂದು ಇಬ್ಬರದನ್ನೂ ತಾನೇ ತುಂಬಿದಳು. ಅಂದಿನಿಂದ ಮನೆಗೆ ಬಂದ ಕಾಗದವನ್ನೆಲ್ಲ, ಕರೆಂಟು ಬಿಲ್ಲೇ ಇರಲಿ, ಮಗಳ ಮಾರ್ಕ್ಸ್ ಕಾರ್ಡೇ ಇರಲಿ, ತನಗೆ ತಾನೇ ಓದಿಕೊಳ್ಳುವವಳಂತೆ ಜೋರಾಗಿ ಓದುತ್ತಿದ್ದಳು. ಒಂದು ದಿನವೂ 'ನಿನಗೆ ಬರುವುದಿಲ್ಲ ಅಲ್ಲವೇ' ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಹದಿನೇಳು ವರ್ಷ ಹೀಗೇ ಸಂಸಾರ ನಡೆಯಿತು. ಆಮೇಲೆ ಡೆಂಗಿ ಜ್ವರದಲ್ಲಿ ಅವಳು ಹೋಗಿಬಿಟ್ಟಳು. ಅಂಥ ಹೆಂಗಸು ಎಲ್ಲರಿಗೂ ಸಿಗುವುದಿಲ್ಲ.

ಮಗಳು ಲೋವೆಲಿನ್‌ಗೆ ಈಗ ಇಪ್ಪತ್ಮೂರು. ಪೇಟೆಯ ಔಷಧಿ ಅಂಗಡಿಯಲ್ಲಿ ಕೆಲಸ. ಅವಳು ಮದುವೆಯಾಗಲು ಹೊರಟ ಜೋಮಾರ್ ಹಡಗಿನ ಎಂಜಿನ್ನಿಗೆ ಎಣ್ಣೆ ಬಿಡುವವನು. ಮುಂದಿನ ಊರಿನ ಹುಡುಗ, ದುಡಿಮೆಗಾರ, ಮಾತು ಕಡಿಮೆ. ಮಾವನಾಗುವವನಿಗೂ ಮಾತು ಕಡಿಮೆಯಾದ್ದರಿಂದ ಇಬ್ಬರೂ ಅಂಗಳದಲ್ಲಿ ಒಂದು ತಾಸು ಸುಮ್ಮನೆ ಕೂತು ಕಾಫಿ ಕುಡಿದು, "ಸರಿ ಹಾಗಾದ್ರೆ," ಎಂದು ಎದ್ದು ಹೋಗುವುದನ್ನು ಊರು ನೋಡಿ ನಗುತ್ತಿತ್ತು.

ತಿಂಗಳ ಮೂವತ್ತಕ್ಕೆ ಜೋಮಾರ್ ಹಡಗು ಹತ್ತಬೇಕು, ಹತ್ತಿದರೆ ಒಂಬತ್ತು ತಿಂಗಳು ಬರುವ ಹಾಗಿಲ್ಲ. ಇಪ್ಪತ್ತಾರಕ್ಕೆ ಚರ್ಚಿನಲ್ಲಿ ಮದುವೆ ಎಂದು ನಿಶ್ಚಯವಾಯಿತು. ಆದರೆ ಪರವಾನಗಿ ಇಲ್ಲದೆ ಪಾದ್ರಿ ಬಾಯಿ ತೆರೆಯುವುದಿಲ್ಲ. ಅರ್ಜಿ ಕೊಟ್ಟ ಮೇಲೆ ಇಂಥವನು ಇಂಥವಳನ್ನು ಮದುವೆಯಾಗುತ್ತಿದ್ದಾನೆ, ತಕರಾರಿದ್ದರೆ ಹೇಳಿ ಎಂದು ಪುರಸಭೆಯ ಬೋರ್ಡಿನಲ್ಲಿ ಹತ್ತು ದಿನ ಅಂಟಿಸುತ್ತಾರೆ. ಹಾಗಾಗಿ ಹದಿನಾಲ್ಕು, ಗುರುವಾರ ಸಂಜೆ ಐದರೊಳಗೆ ಎಲ್ಲ ಕಾಗದ ಒಳಗೆ ಹೋಗಲೇಬೇಕು. ಜನನ ಪತ್ರ ಸಿಕ್ಕಿತ್ತು. ಈವರೆಗೆ ಇವರು ಬೇರೆ ಯಾರನ್ನೂ ಮದುವೆಯಾಗಿಲ್ಲ ಎಂಬ ಸರ್ಟಿಫಿಕೇಟೂ ಬಂದಿತ್ತು. ಮದುವೆಯಾಗುವವರಿಗೆ ನಡೆಸುವ ಅರ್ಧ ದಿನದ ತರಗತಿಯಲ್ಲಿ ಕೂತು, ನರ್ಸಮ್ಮನ ಪ್ರಶ್ನೆಗಳಿಗೆ ಕಿವಿ ಕೆಂಪಗಾಗಿಸಿಕೊಂಡು, ಮದುವೆಯಾಗುವ ಜೋಡಿ ಗಿಡ ನೆಡಬೇಕೆಂಬ ನಿಯಮದಂತೆ ಕಚೇರಿಯ ಹಿಂದೆ ಎರಡು ಮಾವಿನ ಸಸಿ ನೆಟ್ಟದ್ದೂ ಆಗಿತ್ತು. ಒಂದೇ ಒಂದು ಕಾಗದ ಬಾಕಿ.

ಏಳನೇ ತಾರೀಖು ಮಗಳ ಜೊತೆ ದೆನ್ಸಿಯೊನೂ ಪುರಸಭೆಗೆ ಹೋದ. ಕೌಂಟರಿನ ಹಿಂದೆ ಔರಿಂಗಕ್ಕ ಕೂತಿದ್ದಳು. ಊರಿನ ಅರ್ಧಕ್ಕರ್ಧ ಮದುವೆಗಳ ಕಾಗದ ಅವಳ ಕೈಯಿಂದಲೇ ಹೋಗಿವೆ. ನಮ್ಮೂರಲ್ಲಿ ಎಲ್ಲರ ಮನೆತನದ ಹೆಸರೂ ಒಂದೇ ಅಕ್ಷರದಿಂದ ಶುರು. ಹಿಂದೆ ಸ್ಪೇನಿನವರು ಊರಿಗೊಂದು ಅಕ್ಷರದಂತೆ ಹೆಸರು ಹಂಚಿದ್ದರ ಫಲ ಅದು. ನಲವತ್ತು ಗರಿಂಗಲಾವ್‌ಗಳು, ಅರವತ್ತು ಗುಂಬಾನ್‌ಗಳ ನಡುವೆ ಯಾರ ಮಗ ಯಾರು ಎಂಬುದು ಔರಿಂಗಕ್ಕನಿಗೆ ಬಾಯಿಪಾಠ.

"ದೆನ್ಸಿಯಣ್ಣ, ಬಾ ಬಾ," ಎಂದಳು. "ನಿನ್ನ ಮಗಳಿಗೆ ಇನ್ನೂ ಇಪ್ಪತ್ತೈದು ತುಂಬಿಲ್ಲ. ಕಾನೂನಿನ ಪ್ರಕಾರ ಇವಳಿಗೆ ಅರ್ಧ ಬುದ್ಧಿ. ಉಳಿದರ್ಧ ನೀನು ಕೊಡಬೇಕು."

"ನಾನಾ? ನನ್ನ ಹತ್ರ ಎಲ್ಲಿದೆ?"

"ಇಲ್ದಿದ್ರೆ ಸಾಲ ತಗೋ. ನೋಡು, 'ತಂದೆತಾಯಿಯ ಬುದ್ಧಿಮಾತು' ಅಂತ ಇದೆ. ಕೆಳಗೆ ಮೂರು ಗೆರೆ ಖಾಲಿ. ನೀನೇನೂ ತಲೆ ಕೆಡಿಸಿಕೋಬೇಡ. 'ನನ್ನ ಅಭ್ಯಂತರ ಇಲ್ಲ, ದೇವರು ಒಳ್ಳೇದು ಮಾಡಲಿ' ಅಂತ ಎಲ್ಲರಿಗೂ ಒಂದೇ ಥರ ಟೈಪ್ ಹೊಡೆದು ಕೊಡ್ತೀನಿ. ಸೈನ್ ಒಂದು ಹಾಕು, ಮುಗೀತು."

ದೆನ್ಸಿಯೊ ಸೈನ್ ಹಾಕಲು ಕೈ ಚಾಚಿದ. ಅವನ ಸೈನು ಬಹಳ ಚೆಂದ. ಅಷ್ಟರಲ್ಲಿ ಲೋವೆಲಿನ್ ಕಾಗದದ ಮೇಲೆ ಅಂಗೈ ಇಟ್ಟಳು.

"ಬೇಡ ಅಕ್ಕ. ಟೈಪ್ ಮಾಡಬೇಡ. ಅಪ್ಪ ಊರಿಗೆಲ್ಲ ಬರೆದುಕೊಟ್ಟಿದ್ದಾನೆ. ಕಂಡ ಕಂಡ ದೋಣಿಗೂ ಅವನ ಅಕ್ಷರ ಇದೆ, ನನಗೆ ಒಂದು ಚೀಟಿನೂ ಇಲ್ಲ. ಕಾಲೇಜಲ್ಲಿ ಎರಡು ವರ್ಷ ಹಾಸ್ಟೆಲ್ಲಿದ್ದೆ, ಒಂದು ಕಾಗದ ಹಾಕಲಿಲ್ಲ. ಮೆಸೇಜ್ ಕಳಿಸಿದ್ರೆ ಒಂದು ಹೆಬ್ಬೆಟ್ಟಿನ ಗುರುತು ಒತ್ತಿ ಕಳಿಸ್ತಾನೆ." ಅಪ್ಪನ ಕಡೆ ತಿರುಗಿದಳು. "ಮೂರೇ ಗೆರೆ ಅಪ್ಪ. ನಿನ್ನ ಕೈಯಲ್ಲೇ ಬರಿ. ನಿನಗೆ ಏನನ್ನಿಸುತ್ತೋ ಅದನ್ನೇ ಬರಿ."

"ಮುಂದಿನ ಗುರುವಾರ ಐದರೊಳಗೆ ತಂದುಬಿಡು ಅಣ್ಣ," ಎಂದಳು ಔರಿಂಗಕ್ಕ. "ಇದು ಬರದಿದ್ರೆ, ಇಲ್ಲಾ ಬೇಡ ಅಂತ ಬರೆದ್ರೆ, ಮೂರು ತಿಂಗಳು ನಾನು ಪರವಾನಗಿ ಕೊಡೋ ಹಾಗಿಲ್ಲ. ನನ್ನ ತಮ್ಮನ ಮಗಳಿಗೂ ಇದೇ ಕಾನೂನು."

ದೆನ್ಸಿಯೊ ಕಾಗದವನ್ನು ಮಡಚದೆ ಹಿಡಿದುಕೊಂಡು ಮನೆಗೆ ಬಂದ.

ಬುದ್ಧಿ ಹೇಳುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಮಗಳಿಗೆ ಅನ್ನ ಬಡಿಸಿದ್ದ, ಮೀನಿನ ಮುಳ್ಳು ತೆಗೆದುಕೊಟ್ಟಿದ್ದ, ಶಾಲೆಯ ಬೂಟಿಗೆ ತಾನೇ ಬಣ್ಣ ಬಳಿದಿದ್ದ. 'ಹೀಗೆ ಮಾಡು, ಹಾಗೆ ಮಾಡಬೇಡ' ಎಂದು ಬಾಯಿ ತೆರೆದದ್ದು ನೆನಪಿಲ್ಲ. ಈಗ ಸರ್ಕಾರವೇ ಹೇಳು ಎನ್ನುತ್ತಿದೆ. ಸರ್ಕಾರ ಕೇಳಿದರೆ ತಪ್ಪಿಸಿಕೊಳ್ಳಬಹುದು, ಮಗಳು ಕೇಳಿದರೆ ಎಲ್ಲಿಗೆ ಹೋಗುವುದು?

ಯೋಚಿಸಿ ಯೋಚಿಸಿ ಕ್ಷೌರದಂಗಡಿಯ ಊಬಿಂಗನ ಹತ್ತಿರ ಹೋದ. ಊಬಿಂಗ್ ಬಾಲ್ಯದ ಗೆಳೆಯ, ಪುಕ್ಕಟೆ ಬುದ್ಧಿಮಾತಿನ ಕಣಜ.

"ಮಗಳಿಗೆ ಏನು ಹೇಳಬೇಕು ಅಂತ ನನ್ನ ಕೇಳ್ತಿದ್ದೀಯ?" ಊಬಿಂಗ್ ಕತ್ತರಿ ಕೆಳಗಿಟ್ಟ. "ಬರ್ಕೋ. ಒಂದು, ಹಡಗಿನವನನ್ನ ಕಟ್ಕೋಬೇಡ."

"ಅದೇ ಹುಡುಗನ್ನ ಮದುವೆ ಆಗ್ತಿದ್ದಾಳಲ್ಲೋ."

"ಹಾಗಿದ್ರೆ ಎರಡು, ಅತ್ತೆ ಜೊತೆ ಇರಬೇಡ. ಮೂರು, ಗಂಡನ ತಲೆಕೂದಲು ನನ್ನ ಹತ್ರಾನೇ ತೆಗೆಸು. ಬರ್ಕೊಂಡ್ಯಾ? ಪೆನ್ಸಿಲ್ ಕೊಡ್ಲಾ?"

"ಬೇಡ, ನೆನಪಿರುತ್ತೆ," ಎಂದು ದೆನ್ಸಿಯೊ ಎದ್ದ. ಒಂದು ಚೀಟಿಯಲ್ಲಿ ಬರೆದುಕೊಡು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಐವತ್ತು ವರ್ಷದ ಗೆಳೆತನ, ಆದರೂ ಹೊರಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಒಂದು ರಟ್ಟಿನ ತುಂಡು, ಪೆನ್ಸಿಲು ಹಿಡಿದು ದಡಕ್ಕೆ ಹೋದ. ದೋಣಿಗಳ ಮೇಲೆ ಬರೀ ಹೆಸರಲ್ಲ, ಒಳ್ಳೊಳ್ಳೆ ಮಾತುಗಳೂ ಇವೆ. ಎಲ್ಲ ತಾನೇ ಬರೆದದ್ದು. ಯಾವುದು ಏನೆಂದು ಮಾಲೀಕರ ಬಾಯಿಂದ ಕೇಳಿ ನೆನಪಿಟ್ಟುಕೊಂಡಿದ್ದ. ಒಂದರಿಂದ 'ದೇವರೇ ಕಾಪಾಡು' ಇಳಿಸಿಕೊಂಡ. ಇನ್ನೊಂದರಿಂದ 'ತಾಳ್ಮೆ ಇದ್ದರೆ ಮೀನು.' ಮೂರನೆಯದು ದ್ವೀಪಕ್ಕೆ ಜನ ಸಾಗಿಸುವ ದೊಡ್ಡ ದೋಣಿ. ಅದರ ಬಾಗಿಲ ಬಳಿ ಇದ್ದ ಮಾತು 'ಅಮ್ಮನ ಆಶೀರ್ವಾದ' ಎಂದು ಅವನ ನೆನಪು. ಇಳಿಸಿಕೊಳ್ಳುತ್ತಿರುವಾಗ ಅಲ್ಲೇ ಹಗ್ಗ ಸುತ್ತುತ್ತಿದ್ದವನು ನಕ್ಕು, "ಏನಣ್ಣ, 'ತಳ್ಳಬೇಡಿ' ಅನ್ನೋದನ್ನ ಯಾರ ಮನೆ ಬಾಗಿಲಿಗೆ ಬರೀತೀಯ?" ಎಂದ.

ದೆನ್ಸಿಯೊ ರಟ್ಟನ್ನು ಅಲ್ಲೇ ಹರಿದುಹಾಕಿದ. ಹೆಸರಿಗೆ ಬಣ್ಣ ಹಾಕಿಯೇ ಹೊಟ್ಟೆ ಹೊರೆದವನಿಗೆ ಮಗಳಿಗೆಂದು ತನ್ನದೇ ಒಂದು ಮಾತು ಬರೆಯಲಾಗದ ಗತಿ ಬಂತಲ್ಲ ಎಂದು ತುಂಬ ಅಳು ಬಂತು. ಹಗ್ಗದವನು ನೋಡುತ್ತಿದ್ದನೆಂದು ಅಳಲಿಲ್ಲ.

ಭಾನುವಾರ ಆಯಿತು, ಸೋಮವಾರ ಆಯಿತು. ಕಾಗದ ಬಟ್ಟೆಪೆಟ್ಟಿಗೆಯಲ್ಲಿ ಖಾಲಿಯಾಗಿಯೇ ಇತ್ತು. ಲೋವೆಲಿನ್ ಮೊದಮೊದಲು ತಮಾಷೆ ಮಾಡಿದಳು. "ಏನಪ್ಪ, ಮೂರು ಗೆರೆನಾ ಇಲ್ಲಾ ಪುರಾಣನಾ?" ಮಂಗಳವಾರ ಜೋಮಾರನ ತಾಯಿ ಫೋನ್ ಮಾಡಿ, "ನಿಮ್ಮಪ್ಪನಿಗೆ ನಮ್ಮ ಹುಡುಗ ಒಪ್ಪಿಗೆ ಇಲ್ವಾ ಹೇಗೆ? ಬಾಯಿಬಿಟ್ಟು ಹೇಳಬಾರದಾ?" ಎಂದಳಂತೆ. ಅಂದಿನಿಂದ ಮಗಳ ತಮಾಷೆ ನಿಂತಿತು. ಅನುಮಾನ ಒಂದು ಸಲ ಮನೆ ಹೊಕ್ಕರೆ ತಾನಾಗಿ ಹೊರಗೆ ಹೋಗುವುದಿಲ್ಲ. ಅಪ್ಪ ಜೋಮಾರನ ಜೊತೆ ಮಾತಾಡದೆ ಕೂರುತ್ತಿದ್ದದ್ದು, ಮದುವೆಯ ಮಾತು ಬಂದಾಗ ಎದ್ದುಹೋಗುತ್ತಿದ್ದದ್ದು, ಎಲ್ಲಕ್ಕೂ ಅವಳೀಗ ಬೇರೆಯೇ ಅರ್ಥ ಹುಡುಕತೊಡಗಿದಳು.

ಗುರುವಾರ ಅವಳು ಮಧ್ಯಾಹ್ನಕ್ಕೇ ಅಂಗಡಿಯಿಂದ ಬಂದಳು. ದೆನ್ಸಿಯೊ ಹುಣಸೆ ಹಾಕಿ ಮೀನಿನ ಸಾರು ಮಾಡಿದ್ದ. ಅವಳು ತಟ್ಟೆ ಮುಟ್ಟಲಿಲ್ಲ.

"ಕಾಗದ ಎಲ್ಲಿ?"

"ಪೆಟ್ಟಿಗೆಯಲ್ಲಿ."

ತೆಗೆದು ನೋಡಿದಳು. ಮೂರು ಗೆರೆಯೂ ಖಾಲಿ. "ಅಪ್ಪ, ಬೇಡ ಅನ್ನೋದಾದ್ರೆ ಬೇಡ ಅಂತ ಬರಿ. ಒಂದೇ ಪದ ಸಾಕು. ಅವನು ಬೇಡವಾ ನಿನಗೆ?"

"ಅವನು ಒಳ್ಳೇ ಹುಡುಗ."

"ಹಾಗಿದ್ರೆ ನನಗೆ ಹೇಳೋಕೆ ನಿನ್ನ ಹತ್ರ ಏನೂ ಇಲ್ವಾ? ಅಮ್ಮ ಸತ್ತ ಮೇಲೆ ಏಳು ವರ್ಷ ಇಬ್ಬರೇ ಇದ್ದೀವಿ. ಮೂರು ಗೆರೆಯಷ್ಟೂ ಇಲ್ವಾ? ಈಗಲೇ ಹೋಗಿ ಔರಿಂಗಕ್ಕನಿಗೆ ಹೇಳ್ತೀನಿ, ನಮ್ಮಪ್ಪ ಒಪ್ಪಲಿಲ್ಲ ಅಂತ. ಮೂರು ತಿಂಗಳಲ್ಲ, ಅವನು ವಾಪಸ್ ಬರೋವರೆಗೂ ಕಾಯ್ತೀನಿ." ಅವಳು ಬಾಗಿಲವರೆಗೆ ಹೋದಳು.

"ಇಂದಾಯ್," ಎಂದ ದೆನ್ಸಿಯೊ. ಅವಳು ಹುಟ್ಟಿದಾಗಿನಿಂದ ಮುದ್ದಿನಿಂದ ಕರೆಯುತ್ತಿದ್ದದ್ದು ಹಾಗೆಯೇ. "ನನಗೆ ಬರೆಯೋಕೆ ಬರಲ್ಲ."

"ಮನಸ್ಸು ಬರಲ್ಲ ಅನ್ನು."

"ಮನಸ್ಸಲ್ಲ. ಬರೆಯೋಕೇ ಬರಲ್ಲ. ಓದೋಕೂ ಬರಲ್ಲ. ಚೀಟಿ ನೋಡಿ ಚಿತ್ರ ಬಿಡಿಸ್ತೀನಿ ಅಷ್ಟೆ. ನೀನು ಕಳಿಸಿದ ಮೆಸೇಜು ಒಂದೂ ನಾನು ಓದಿಲ್ಲ. ಹುಷಾರಾಗಿದ್ದಾಳೆ, ಅದಕ್ಕೇ ಕಳಿಸ್ತಾಳೆ ಅಂದ್ಕೊಂಡು ಆ ಹೆಬ್ಬೆಟ್ಟು ಒತ್ತುತ್ತಿದ್ದೆ."

ಲೋವೆಲಿನ್ ಬಾಗಿಲು ಹಿಡಿದುಕೊಂಡು ನಿಂತಳು. ತನ್ನ ಮಾರ್ಕ್ಸ್ ಕಾರ್ಡು ಅಮ್ಮ ಜೋರಾಗಿ ಓದುತ್ತಿದ್ದದ್ದು, ಅಮ್ಮ ಹೋದ ಮೇಲೆ 'ಕಣ್ಣು ಮಂಜು, ನೀನೇ ಓದಿ ಹೇಳು' ಎಂದು ಅಪ್ಪ ಅನ್ನುತ್ತಿದ್ದದ್ದು, ಒಂದೊಂದಾಗಿ ಅವಳ ಮುಖದ ಮೇಲೆ ಹಾದುಹೋದವು. ದೆನ್ಸಿಯೊ ತಲೆ ಎತ್ತಲಿಲ್ಲ. ಇನ್ನು ಇವಳು ನಗುತ್ತಾಳೆ, ಅಥವಾ ನಾಚಿಕೆ ಪಡುತ್ತಾಳೆ ಎಂದು ಕಾದ.

ಅವಳು ಬಂದು ಪಕ್ಕದಲ್ಲಿ ಕೂತು ಅವನ ಭುಜಕ್ಕೆ ಹಣೆ ಆನಿಸಿ ಅತ್ತಳು. ಅವನೂ ಅತ್ತ. ಸಾರು ಆರಿತು.

ಮೊದಲು ಮೂಗು ಒರೆಸಿಕೊಂಡವಳು ಅವಳೇ. "ಗಂಟೆ ಎರಡೂವರೆ. ನೀನು ಹೇಳು, ನಾನು ಚೀಟಿಯಲ್ಲಿ ಬರೀತೀನಿ. ನೀನು ನೋಡಿ ಇಳಿಸು. ಬೇರೆಯವರಿಗೆಲ್ಲ ಮಾಡಿಕೊಟ್ಟಿಲ್ವಾ?"

"ಏನು ಹೇಳಲಿ?"

"ಅದನ್ನೂ ನಾನೇ ಹೇಳಲಾ? ಹಾಗಾದ್ರೆ ನನಗೆ ನಾನೇ ಬುದ್ಧಿ ಹೇಳ್ಕೊಂಡ ಹಾಗಾಯ್ತು."

ದೆನ್ಸಿಯೊ ಹೇಳಿದ. ನಿಲ್ಲಿಸಿ ನಿಲ್ಲಿಸಿ, ಒಂದೊಂದು ಮಾತಿಗೂ ದೂರ ಹೋಗಿ ಬಂದವನಂತೆ ಹೇಳಿದ. ಲೋವೆಲಿನ್ ಬರೆದುಕೊಂಡಳು. ಮೂರನೇ ಗೆರೆಗೆ ಬಂದಾಗ ಅವಳ ಪೆನ್ನು ನಿಂತಿತು. "ಬರಿ," ಎಂದ ಅವನು.

ಪೆನ್ನು ಹಿಡಿದು ಅಭ್ಯಾಸವಿಲ್ಲದ್ದರಿಂದ ಇರುವುದರಲ್ಲಿ ಸಣ್ಣ ಬ್ರಶ್ ತೆಗೆದ. ಕಪ್ಪು ಎನಾಮೆಲ್ ಪೇಂಟು. ಉಸಿರು ಬಿಗಿಹಿಡಿದು ಒಂದೂವರೆ ಗಂಟೆ ಬರೆದ. ನಾಲ್ಕೂಕಾಲಿಗೆ ಮುಗಿಯಿತು. ಆದರೆ ದೋಣಿಯ ಪೇಂಟು ಕಾಗದದ ಮೇಲೆ ಬೇಗ ಒಣಗುತ್ತದೆಯೇ? ಲೋವೆಲಿನ್ ಬೀಸಣಿಗೆಯಲ್ಲಿ ಬೀಸಿದಳು, ಅವನು ಬಾಯಲ್ಲಿ ಊದಿದ. ಕೊನೆಗೆ ಹಸಿಯಾಗಿಯೇ ಎರಡೂ ಕೈಯಲ್ಲಿ ತುಂಬಿದ ತಟ್ಟೆಯ ಹಾಗೆ ಹಿಡಿದುಕೊಂಡು ಅವಳು ಸೈಡ್‌ಕಾರಿನ ಬಾಡಿಗೆ ಬೈಕಿನಲ್ಲಿ ಅಪ್ಪನ ಪಕ್ಕ ಕೂತಳು. ಗುಂಡಿ ಬಂದಾಗಲೆಲ್ಲ, "ನಿಧಾನಾ, ನಮ್ಮಪ್ಪ ಅಳಿಸಿಹೋಗ್ತಾನೆ!" ಎಂದು ಬೈಕಿನವನಿಗೆ ಕೂಗಿದಳು.

ಪುರಸಭೆಯಲ್ಲಿ ಜೋಮಾರ್ ಬಾಗಿಲಲ್ಲೇ ನಿಂತಿದ್ದ. ಒಳಗೆ ಏಳೆಂಟು ಜನರ ಸಾಲು. ಔರಿಂಗಕ್ಕ ಗಡಿಯಾರ ನೋಡಿದಳು, ಕಾಗದ ನೋಡಿದಳು, ಮೂಗಿನ ಹತ್ತಿರ ತಂದು ಮೂಸಿದಳು. "ಇದೇನಣ್ಣ, ಅರ್ಜಿನೋ ದೋಣಿನೋ?" ಎಂದವಳು ಕನ್ನಡಕ ಸರಿಮಾಡಿಕೊಂಡು ಓದತೊಡಗಿದಳು. ಮೊದಲ ಗೆರೆ ದನಿಯೆತ್ತಿ ಓದಿದಳು, ಆಮೇಲೆ ದನಿ ಇಳಿಯಿತು.

'ಬಾರದ್ದನ್ನು ಬಾರದು ಎಂದು ಗಂಡನ ಹತ್ತಿರ ಹೇಳು.

ನಾಚಿಕೆ ಒಂದು ದಿನದ್ದು, ಮುಚ್ಚಿಟ್ಟರೆ ಜೀವನಪೂರ್ತಿ.

ನಾನು ನಿನ್ನ ಅಮ್ಮನಿಗೆ ಹೇಳಲಿಲ್ಲ. ಹೇಳಬೇಕಿತ್ತು.'

ಔರಿಂಗಕ್ಕ ಕಾಗದ ಕೆಳಗಿಟ್ಟು, "ಅಲ್ಲಾ ಅಣ್ಣ, ಇದರಲ್ಲಿ ಒಪ್ಪಿಗೆ ಎಲ್ಲಿದೆ? ಒಪ್ಪಿಗೆನಾ ಇಲ್ವಾ ಅನ್ನೋದೇ ಕಾನೂನಿಗೆ ಬೇಕಾಗಿರೋದು," ಎಂದಳು.

"ಒಪ್ಪಿಗೆ ಇಲ್ದೆ ಬುದ್ಧಿ ಯಾಕೆ ಹೇಳ್ತಾರೆ ಔರಿಂಗ್? ಹೋಗು ಅಂತ ಬಿಟ್ಟುಬಿಡ್ತಾರೆ."

ಅವಳು ನಕ್ಕು, ಅಂಚಿನಲ್ಲಿ ತಾನೇ 'ಒಪ್ಪಿಗೆಯಿದೆ' ಎಂದು ಬರೆದು, ಹಸಿ ಪೇಂಟಿಗೆ ತಾಗದಂತೆ ಒಂದು ಮೂಲೆಯಲ್ಲಿ ಮೊಹರು ಒತ್ತಿದಳು. ಐದಕ್ಕೆ ಹತ್ತು ನಿಮಿಷ ಇತ್ತು. ಹತ್ತು ದಿನದ ನೋಟೀಸನ್ನು ಅಲ್ಲೇ ಟೈಪ್ ಮಾಡಿ ಹೊರಗಿನ ಬೋರ್ಡಿಗೆ ನಾಲ್ಕು ಪಿನ್ನು ಚುಚ್ಚಿದಳು. ಜೋಮಾರ್, ಲೋವೆಲಿನ್ ಒಬ್ಬರ ಕೈ ಒಬ್ಬರು ಹಿಡಿದು ನೋಡುತ್ತಿದ್ದರು. ಸಾಲಿನಲ್ಲಿದ್ದವರೂ ಕುತೂಹಲಕ್ಕೆ ಬಂದು ನಿಂತರು. ಕೊನೆಯಲ್ಲಿ ಕ್ಷೌರದಂಗಡಿಯ ಊಬಿಂಗನೂ ಇದ್ದ, ಯಾವುದೋ ಕಾಗದಕ್ಕೆ ಬಂದವನು.

ದೆನ್ಸಿಯೊ ಬೋರ್ಡಿನ ಮುಂದೆ ನಿಂತು ಮೇಲಿಂದ ಕೆಳಗೆ ಕಣ್ಣಾಡಿಸಿದ. ಅಂಗಿಯ ಬೆನ್ನು ಮತ್ತೆ ತೊಯ್ಯತೊಡಗಿತು. ಪಕ್ಕದಲ್ಲಿ ಓದಿಬಿಡುವವಳು ಇಲ್ಲ. ಅವನು ತಿರುಗಿ ಎಲ್ಲರಿಗೂ ಕೇಳಿಸುವಂತೆ, "ಔರಿಂಗ್, ನನಗೆ ಓದೋಕೆ ಬರಲ್ಲ. ಏನು ಬರೆದಿದೆ ಓದಿ ಹೇಳು," ಎಂದ.

ಊಬಿಂಗನ ಬಾಯಿ ತೆರೆದದ್ದು ಹಾಗೆಯೇ ಉಳಿಯಿತು. ಯಾರೂ ನಗಲಿಲ್ಲ. ಔರಿಂಗಕ್ಕ ನೋಟೀಸಿನ ಮೇಲೆ ಬೆರಳಿಟ್ಟು, ಅವಸರ ಮಾಡದೆ, ಒಂದೊಂದು ಪದಕ್ಕೂ ಬೆರಳು ಸರಿಸುತ್ತ ಓದಿದಳು. ವರ ಜೋಮಾರ್, ವಯಸ್ಸು ಇಪ್ಪತ್ತೇಳು. ವಧು ಲೋವೆಲಿನ್ ಗರಿಂಗಲಾವ್, ವಯಸ್ಸು ಇಪ್ಪತ್ಮೂರು. ತಂದೆ ಪ್ರುದೆನ್ಸಿಯೊ. ತಾಯಿ ಸಲೋಮೆ.

"ಅದು ಎಲ್ಲಿದೆ?" ಎಂದ ದೆನ್ಸಿಯೊ. "ಸಲೋಮೆ ಅಂತ ಎಲ್ಲಿದೆ, ತೋರಿಸು."

ಔರಿಂಗಕ್ಕ ತೋರಿಸಿದಳು. ಅವನು ಆ ಹೆಸರಿನ ಮೇಲೆ ತನ್ನ ಬೆರಳಿಟ್ಟು, "ಇನ್ನೊಂದು ಸಲ ಓದು," ಎಂದ.